ಆರು ಕೋಣೆಯ ಸಾಫ್ಟ್‌ವೇರು

ಟಿಕೋಟಾ ತಾಲ್ಲೂಕಾಯಿತು ಎಂಬ ಸುದ್ದಿ ಎಲ್ಲರಿಗೂ ಗೊತ್ತು. ಬಬಲೇಶ್ವರ ತಾಲ್ಲೂಕಾದದ್ದೂ ಗೊತ್ತು. ಬಿಜಾಪುರ ವಿಜಯಪುರವಾದದ್ದಂತೂ ರೈಲಿನಲ್ಲಿ ತೂಕಡಿಸುತ್ತ ಬರುವ ಪರವೂರಿನವನಿಗೂ ಗೊತ್ತು. ಗೊತ್ತಿಲ್ಲದೆ ಉಳಿದದ್ದು ಒಂದಕ್ಕೇ: ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯೊಂದರ ಮೇಲಿನ ಖೋಲಿಯಲ್ಲಿ ಕೂತಿದ್ದ ನಮ್ಮ ಕಾಕಾನ ಕಂಪ್ಯೂಟರಿಗೆ! ಹೇಳಲು ನಾವೂ ಹೋಗಿರಲಿಲ್ಲ. ವಯಸ್ಸಾದವರಿಗೆ ಇಂಥ ಸುದ್ದಿಗಳನ್ನೆಲ್ಲ ಒಮ್ಮೆಲೇ ಹೇಳಿದರೆ ತಡೆದೀತೇ?

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಆಸ್ತಿಗೆ ಬೆಲೆ ಕಟ್ಟುವುದು ಅವರ ಕಸುಬು. ನೀವು ಬ್ಯಾಂಕಿಗೆ ಹೋಗಿ ಮನೆಯ ಮೇಲೆ ಸಾಲ ಕೇಳಿದಿರಿ ಅನ್ನಿ, ಆ ಮನೆ ಎಷ್ಟು ಬಾಳುತ್ತದೆ ಎಂದು ನೋಡಿ ಬರಲು ಬ್ಯಾಂಕಿನವರು ಕಾಕಾನನ್ನು ಕಳಿಸುತ್ತಾರೆ. ಕಾಕಾ ಟೇಪು ಹಿಡಿದು ಅಳೆಯುತ್ತಾರೆ, ಗೋಡೆ ತಟ್ಟುತ್ತಾರೆ, ಕತ್ತು ಮೇಲೆತ್ತಿ ಮಾಳಿಗೆ ನೋಡುತ್ತಾರೆ, ಆಮೇಲೆ ಬಂದು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸುತ್ತಾರೆ. ಅದು ವರದಿ ಕೊಡುತ್ತದೆ. ಈ ವರದಿ ಕೊಡುವ ಸಾಫ್ಟ್‌ವೇರನ್ನು ಕಾಕಾ ಕೊಂಡುಕೊಂಡಾಗ ನನಗಿನ್ನೂ ಮೀಸೆ ಬಂದಿರಲಿಲ್ಲ. ಈಗ ಮೀಸೆಯಲ್ಲಿ ಬಿಳಿಕೂದಲು ಬಂದಿವೆ. ಸಾಫ್ಟ್‌ವೇರು ಮಾತ್ರ ಅದೇ ಇತ್ತು, ಮೊನ್ನೆಮೊನ್ನೆಯವರೆಗೆ.

ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ದೊಡ್ಡ ಕಂಪನಿಗಳು ನನ್ನನ್ನು ಕರೆಯುವುದನ್ನು ಕೆಲಕಾಲ ಕಾದು, ಅವಕ್ಕೆ ನನ್ನ ವಿಳಾಸ ಸಿಕ್ಕಿಲ್ಲವೆಂದು ಸಮಾಧಾನ ಮಾಡಿಕೊಂಡು ಕಾಕಾನ ಆಫೀಸಿಗೆ ಬಂದು ಕೂತವನು. ಬಂದ ದಿನವೇ ಈ ಆಫೀಸನ್ನು ಉದ್ಧಾರ ಮಾಡಿಬಿಡಬೇಕೆಂದು ತೀರ್ಮಾನಿಸಿದ್ದೆ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ ನೋಡಿ!

“ಕಾಕಾ, ಇದು ಭಾಳ ಹಳೇದಾತ್ರಿ. ಹೊಸಾದು ತಗೊಳ್ಳೂಣು.”

“ಗೋಳಗುಮ್ಮಟ ಹೊಸಾದೈತೇನು?”

“ಅದು ಬ್ಯಾರೆ ಬಿಡ್ರಿ…”

“ಏನು ಬ್ಯಾರೆ? ಮಂದಿ ಟಿಕೀಟು ತಗೊಂಡು ನೋಡಾಕ ಬರ್ತಾರ. ಹಳೇದಾತಂತ ಯಾರರ ಕೆಡವ್ಯಾರೇನು?”

ನಾನು ಇನ್ನೊಂದು ಬಾಣ ಬಿಟ್ಟೆ. “ಇದನ್ನ ಮಾಡಿದ ಕಂಪನೀನ ಮುಚ್ಚಿ ಹೋಗೇತ್ರಿ.”

ಕಾಕಾನ ಮುಖ ಅರಳಿತು. “ಅದ ಛಲೋ ಆತಲ್ಲೋ! ವರ್ಷಾ ವರ್ಷಾ ರೊಕ್ಕ ಕೇಳಾಕ ಇನ್ಯಾರೂ ಬರಂಗಿಲ್ಲ.”

ಇಂಥವರ ಹತ್ತಿರ ಏನು ಮಾತಾಡುತ್ತೀರಿ? ನಾನು ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತೆ. ಕೆಲಸ ಅಂದರೆ, ಮೇಜಿನ ಕೆಳಗೆ ಒಂದು ವಾಯರು ಸಡಿಲಾಗಿತ್ತು. ಅದನ್ನು ಎಡಗಾಲ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಪರದೆ ಬೆಳಗುತ್ತಿತ್ತು. ಅಲ್ಲಿಯವರೆಗೆ ಅಲ್ಲಿ ಒಂದು ಇಟ್ಟಂಗಿ ಇಟ್ಟಿದ್ದರಂತೆ. ನಾಲ್ಕು ವರ್ಷ ಓದಿ ಬಂದ ನಾನು ಆ ಇಟ್ಟಂಗಿಯ ಜಾಗಕ್ಕೆ ನೇಮಕವಾದೆ!

ಈ ಸಾಫ್ಟ್‌ವೇರಿಗೆ ಮೂರೇ ಬಗೆಯ ಮಾಳಿಗೆ ಗೊತ್ತಿತ್ತು: ಮಣ್ಣಿನದು, ಹಂಚಿನದು, ಆರ್‌ಸಿಸಿ. ತಗಡಿನ ಮಾಳಿಗೆ ಎಂಬುದೊಂದು ಈ ಲೋಕದಲ್ಲಿದೆ ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಮೂರನ್ನೂ ಬಿಟ್ಟು ಮುಂದೆ ಹೋದರೆ, ವರದಿಯಲ್ಲಿ ‘ಛಾವಣಿ: ಇಲ್ಲ’ ಎಂದು ತಣ್ಣಗೆ ಅಚ್ಚಾಗುತ್ತಿತ್ತು. ಹೀಗೆ ಟಿಕೋಟಾದ ಒಂದು ಮನೆಯ ವರದಿ ಹೋದಾಗ ಬ್ಯಾಂಕಿನ ಮ್ಯಾನೇಜರು ಫೋನು ಮಾಡಿದರು.

“ಏನ್ರಿ ಇದು, ಮನಿಗೆ ಮಾಳಿಗೀನ ಇಲ್ಲೇನ್ರಿ?”

“ಐತ್ರಿ ಸರ್,” ಎಂದರು ಕಾಕಾ. “ನಮ್ಮ ಕಂಪ್ಯೂಟರಿಗೆ ಕಾಣಂಗಿಲ್ಲ.”

ಬೇರೆ ಯಾರಾದರೂ ಆಗಿದ್ದರೆ ಅಂದೇ ನಾಚಿಕೊಂಡು ಹೊಸ ಸಾಫ್ಟ್‌ವೇರು ತರಿಸುತ್ತಿದ್ದರು. ಕಾಕಾ ಕೆಳಗಿಳಿದು ಹೋಗಿ ರಬ್ಬರ್ ಸ್ಟ್ಯಾಂಪು ಮಾಡಿಸಿಕೊಂಡು ಬಂದರು! ‘ಛಾವಣಿ ಇದೆ. ಕಂಪ್ಯೂಟರಿನ ತಪ್ಪನ್ನು ತಿದ್ದಿ ಓದಿಕೊಳ್ಳುವುದು.’ ಅದನ್ನು ವರದಿಯ ಮೇಲೆ ಧಡ್ ಎಂದು ಒತ್ತಿ, ಕೆಳಗೆ ಸಹಿ ಹಾಕಿ, “ನೋಡು, ಒಂದು ಸ್ಟ್ಯಾಂಪು ಜಲ್ಮಪೂರ್ತಿ ಬರ್ತೈತಿ. ಸಾಫ್ಟ್‌ವೇರ್ ಬರ್ತೈತೇನು?” ಎಂದರು. ಆಮೇಲೆ ‘ತಾಲ್ಲೂಕು ಟಿಕೋಟಾ ಎಂದು ಓದುವುದು’ ಬಂತು. ‘ತಾಲ್ಲೂಕು ಬಬಲೇಶ್ವರ ಎಂದು ಓದುವುದು’ ಬಂತು. ‘ಬಿಜಾಪುರ ಎಂದಿರುವಲ್ಲೆಲ್ಲ ವಿಜಯಪುರ’ ಬಂತು. ಮೇಜಿನ ಮೇಲೆ ಸ್ಟ್ಯಾಂಪುಗಳ ಸಾಲು ಬೆಳೆದು, ನಮ್ಮ ವರದಿಯಲ್ಲಿ ಅಚ್ಚಾದದ್ದಕ್ಕಿಂತ ಒತ್ತಿದ್ದೇ ಹೆಚ್ಚಾಯಿತು. ಒತ್ತುವವನು ಯಾರು ಎಂದು ಬೇರೆ ಹೇಳಬೇಕೇ? ಕೆಳಗೆ ಹೆಬ್ಬೆರಳು ವಾಯರಿನ ಮೇಲೆ, ಮೇಲೆ ಕೈ ಸ್ಟ್ಯಾಂಪಿನ ಮೇಲೆ. ತಬಲಾ ಬಾರಿಸುವವನಿಗೂ ಇಷ್ಟು ಕೆಲಸವಿರಲಿಕ್ಕಿಲ್ಲ.

ಒಮ್ಮೆ ಟಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಶೆಡ್ಡಿಗೆ ಬೆಲೆ ಕಟ್ಟಬೇಕಾಯಿತು. ಅವರನ್ನು ಊರೆಲ್ಲ ಸಾಹೇಬರು ಎಂದೇ ಕರೆಯುತ್ತದೆ. ಅಜ್ಜನ ಕಾಲದಿಂದ ದ್ರಾಕ್ಷಿ ಅವರ ಮನೆಯ ಬೆಳೆ. ಒಣದ್ರಾಕ್ಷಿ ಮಾಡುವ ಶೆಡ್ಡಿಗೆ ಗೋಡೆ ಇರುವುದಿಲ್ಲ, ಗಾಳಿ ಆಡಬೇಕಲ್ಲ. ಆದರೆ ನಮ್ಮ ಸಾಫ್ಟ್‌ವೇರು ಗೋಡೆಯ ದಪ್ಪ ಎಷ್ಟೆಂದು ಹೇಳದೆ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ಸೊನ್ನೆ ಹಾಕಿದರೆ ಟುಂಯ್ ಎಂದು ಅಳುತ್ತಿತ್ತು. ಕೊನೆಗೆ ಅದರ ಸಮಾಧಾನಕ್ಕೆಂದು ಒಂಬತ್ತು ಅಂಗುಲ ಎಂದು ತುಂಬಿಸಿದೆವು. ಗೋಡೆ ಇಲ್ಲ ಎಂಬ ಸ್ಟ್ಯಾಂಪು ಇನ್ನೂ ತಯಾರಾಗಿರಲಿಲ್ಲವಾದ್ದರಿಂದ ಕಾಕಾ ಪೆನ್ನಿನಲ್ಲಿ ಬರೆದರು. ಅವರ ಅಕ್ಷರ ಅವರಿಗೇ ಓದಲು ಬರುವುದಿಲ್ಲ!

ಬ್ಯಾಂಕಿನ ಹೊಸ ಅಧಿಕಾರಿಯೊಬ್ಬ ವರದಿ ಹಿಡಿದುಕೊಂಡು ಶೆಡ್ಡಿನ ಸುತ್ತ ಪ್ರದಕ್ಷಿಣೆ ಹಾಕತೊಡಗಿದ. ನಾನೂ ಕಾಕಾನೂ ಮುಗಿಲು ನೋಡುತ್ತ ನಿಂತಿದ್ದೆವು.

“ಏನು ಹುಡಕಾಕತ್ತೀರಿ ಸರ್?” ಎಂದು ಕೇಳಿದರು ಸಾಹೇಬರು.

“ಒಂಬತ್ತಿಂಚಿನ ಗೋಡೆ ಅಂತ ಇದೆಯಲ್ಲ, ಅದು ಎಲ್ಲಿ?”

“ಗೋಡಿ ಕಟ್ಟಿದ್ರ ಗಾಳಿ ಎಲ್ಲಿಂದ ಬರ್ಬೇಕ್ರಿ? ದ್ರಾಕ್ಷಿ ಒಣಗೂದು ಹೆಂಗ?” ಎಂದ ಸಾಹೇಬರು ನಮ್ಮಿಬ್ಬರ ಮುಖ ನೋಡಿದರು. ಏನು ತಿಳಿಯಿತೋ ಏನೋ, ಅಧಿಕಾರಿಯ ಬೊಗಸೆ ತುಂಬ ಒಣದ್ರಾಕ್ಷಿ ಸುರಿದು, “ಮೊದಲ ಇದನ್ನ ತಿನ್ರಿ. ಗೋಡಿ ಆಮ್ಯಾಲ ಹುಡಕೂಣು,” ಎಂದರು. ತಿಂದ ಮೇಲೆ ಅವನು ಗೋಡೆಯ ವಿಷಯ ಎತ್ತಲಿಲ್ಲ.

ಇದನ್ನೆಲ್ಲ ಕಾಕಾನ ಹುಚ್ಚು ಎಂದು ನಗಲು ನನಗೂ ಇಷ್ಟವೇ. ಆದರೆ ನನ್ನ ಹೆಂಡತಿ ಬಿಡಬೇಕಲ್ಲ! ನಮ್ಮ ಮನೆಯ ಗೋಡೆ ಗಡಿಯಾರ ಹಿಂದೆ ಬಿದ್ದು ನಡೆಯುತ್ತಿತ್ತು. ರಿಪೇರಿಗೆ ಒಯ್ಯಿರಿ ಎಂದು ಅವಳು ಹೇಳಿ ಹೇಳಿ ಸೋತಳು. ಒಂದು ಭಾನುವಾರ ನಾನು ಮನಸ್ಸು ಮಾಡಿ, ಸ್ಟೂಲು ಹತ್ತಿ, ಗಡಿಯಾರದ ಕೆಳಗೆ ಒಂದು ಚೀಟಿ ಅಂಟಿಸಿದೆ: ‘ಇಪ್ಪತ್ತು ನಿಮಿಷ ಕೂಡಿಸಿ ಓದಿಕೊಳ್ಳುವುದು.’

ಅವಳು ಚೀಟಿ ನೋಡಿದಳು. ನನ್ನನ್ನು ನೋಡಿದಳು. “ಕಾಕಾಗರ ವಯಸ್ಸಾಗೇತಿ. ನಿಮಗೇನಾಗೇತ್ರಿ?” ಎಂದಳು. ಆ ಹೊತ್ತಿಗೆ ನಾನು ಸ್ಟೂಲಿನ ಮೇಲೆ ನಿಂತೇ ಎಡಗಾಲ ಹೆಬ್ಬೆರಳನ್ನು ಒತ್ತಿ ಹಿಡಿದಿದ್ದೆ ಎಂಬುದು ನನಗೇ ಆಮೇಲೆ ತಿಳಿಯಿತು.

ಈಗ ಬಬಲೇಶ್ವರದ ಕಥೆಗೆ ಬರುತ್ತೇನೆ. ಅಲ್ಲಿ ಒಂದು ಮನೆ. ಅಣ್ಣತಮ್ಮಂದಿರಿಬ್ಬರು, ಅವರ ಹೆಂಡಿರು ಮಕ್ಕಳು, ಒಬ್ಬ ತಾಯಿ. ಊರಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂದು ಇಬ್ಬರೂ ಕೂಡಿ ಸಾಲಕ್ಕೆ ಅರ್ಜಿ ಕೊಟ್ಟಿದ್ದರು. ನಾವು ಹೋಗಿ ಅಳೆದುಕೊಂಡು ಬಂದೆವು. ಹನ್ನೊಂದು ಕೋಣೆ. ನಮ್ಮ ಸಾಫ್ಟ್‌ವೇರಿನ ಹೊಟ್ಟೆಗೆ ಹಿಡಿಸುವುದು ಆರೇ ಕೋಣೆ. ಏಳನೆಯದನ್ನು ತುಂಬಿಸಿದರೆ ಪರದೆ ಕಪ್ಪಾಗಿ ಮೂರ್ಛೆ ಹೋಗುತ್ತಿತ್ತು. ಅದಕ್ಕೆ ಕಾಕಾ ಹಿಂದೆಯೇ ಒಂದು ಉಪಾಯ ಕಂಡುಹಿಡಿದಿದ್ದರು: ದೊಡ್ಡ ಮನೆಯಿದ್ದರೆ ‘ಮನೆ ಒಂದು’, ‘ಮನೆ ಎರಡು’ ಎಂದು ಎರಡು ಸಲ ತುಂಬಿಸಿ, ಕಡೆಗೆ ಎರಡನ್ನೂ ಕೂಡಿಸುವುದು. ‘ಎರಡನ್ನೂ ಒಂದೇ ಎಂದು ಓದುವುದು’ ಎಂಬ ಸ್ಟ್ಯಾಂಪು ಕೊನೆಯ ಪುಟದ ಮೂಲೆಯಲ್ಲಿ. ಅದರ ಮಸಿ ಆ ವೇಳೆಗೆ ಆರಿ, ಗುರುತು ಬಿಟ್ಟಿತ್ತೋ ಇಲ್ಲವೋ!

ಯಾವ ಕೋಣೆ ಯಾವ ಮನೆಗೆ ಎಂದು ಹಂಚಿದವನು ನಾನೇ. ಮಧ್ಯಾಹ್ನದ ಹಸಿವಿನಲ್ಲಿದ್ದೆ. ಅಡುಗೆಮನೆ ಮೊದಲು ನೆನಪಾಯಿತು, ‘ಮನೆ ಒಂದು’ಕ್ಕೆ ಹಾಕಿದೆ. ಮೆಟ್ಟಿಲು ಕೊನೆಗೆ ಉಳಿಯಿತು, ‘ಮನೆ ಎರಡು’ಕ್ಕೆ ತಳ್ಳಿದೆ. ಊಟಕ್ಕೆ ಎದ್ದೆ.

ಕೆಲವು ದಿನಗಳ ಮೇಲೆ ಆ ಮನೆಯ ತಮ್ಮನ ಫೋನು ಬಂತು. ದನಿಯಲ್ಲಿ ಸಂತೋಷವಿತ್ತು.

“ಸರ್ರ, ಭಾಳ ಉಪಕಾರ ಆತು ನೋಡ್ರಿ. ಬ್ಯಾಂಕಿನಾಗ ಕಾಗದ ನೋಡಿದ್ವಿ. ಎಂದಿದ್ರೂ ಬ್ಯಾರೆ ಆಗೂದಽ ಇತ್ತು, ಹೆಂಗ ಮಾತು ತಗೀಬೇಕಂತ ತಿಳೀವಲ್ದಾಗಿತ್ತು. ನೀವ ಪಾಲು ಮಾಡಿ ಕೊಟ್ಟೀರಿ. ಸೋಮವಾರ ಗೋಡಿ ಎತ್ತಾವರದೀವಿ.”

ನಾನು ನಕ್ಕೇಬಿಟ್ಟೆ. ಫೋನು ಇಟ್ಟು ಕಾಕಾಗೂ ನಗುತ್ತಲೇ ಹೇಳಿದೆ. ಕಾಕಾ ನಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡರು.

“ನಡಿ.”

“ಎಲ್ಲಿಗ್ರಿ?”

“ಬಬಲೇಶ್ವರಕ್ಕ.”

ಬ್ಯಾಂಕು ಕಳಿಸದೆ, ಯಾರೂ ಬಸ್ ಚಾರ್ಜು ಕೊಡದೆ ಕಾಕಾ ಊರು ಬಿಟ್ಟು ಹೊರಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆ ಮನೆಯ ಅಂಗಳದಲ್ಲಿ ಸಿಮೆಂಟ್ ಇಟ್ಟಂಗಿ ಒಟ್ಟಿದ್ದರು. ನಟ್ಟನಡುವೆ ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದರು. ಆ ಗೆರೆಯ ಮೇಲೆಯೇ ತಾಯಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ನಮ್ಮನ್ನು ಕಂಡದ್ದೇ ತಡ, ಹಿರೀ ಸೊಸೆ ಹೊರಗೆ ಬಂದಳು.

“ಛಲೋ ಆತು ಬಂದ್ರಿ. ಅಡಗಿ ಮನಿ ನಮ್ಮ ಪಾಲಿಗೆ ಐತೋ ಇಲ್ಲೋ, ಕಾಗದದಾಗ ಏನ್ ಬರದೈತಿ, ಎಲ್ಲಾರ ಮುಂದ ಹೇಳ್ರಿ.”

ಕಿರೀ ಸೊಸೆಯೂ ಬಂದಳು. “ಇರ್ಲೇಳ್ರಿ, ಅಡಗಿ ಮನಿ ಅವರಽ ಇಟ್ಕೊಳ್ಲಿ. ಪಾವಟಿಗಿ ನಮಗ ಬಂದಾವ. ಮಾಳಿಗಿ ಮ್ಯಾಲ ಹಪ್ಪಳ ಒಣಾ ಹಾಕಾಕ ಅವರು ಹಾರಿ ಹೋಗ್ಲಿ!”

ನಾನು ಕಾಕಾನ ಬೆನ್ನಿನ ಹಿಂದೆ ಸರಿದೆ. ನನ್ನ ಒಂದು ಹೊತ್ತಿನ ಹಸಿವು ಇಂಥ ಕೆಲಸ ಮಾಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ತಾಯಿ ಮೊರ ಕೆಳಗಿಟ್ಟು ತಲೆಯೆತ್ತಿದಳು. “ನೀನಽ ಏನಪಾ ಮನಿ ಹಂಚಿದಾಂವ?” ಎಂದು ಕಾಕಾನನ್ನು ಕೇಳಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. “ಮತ್ತ ನನ್ನ ಯಾವುದರಾಗ ಹಾಕೀಯೋ ಯಪ್ಪಾ? ಒಂದನೇ ಮನ್ಯಾಗೋ, ಎರಡನೇ ಮನ್ಯಾಗೋ? ನೋಡಿ ಹೇಳು. ಅತ್ತಾಗ ಸರದು ಕುಂದರ್ತೀನಿ.”

ನಮ್ಮ ವರದಿಯಲ್ಲಿ ಬಾಗಿಲಿಗೆ ಜಾಗವಿದೆ, ಕಿಟಕಿಗೆ ಇದೆ, ನೀರಿನ ತೊಟ್ಟಿಗೆ ಇದೆ. ತಾಯಂದಿರನ್ನು ತುಂಬಿಸುವ ಜಾಗ ಇಲ್ಲ. ಕಾಕಾ ಆಕೆಯ ಎದುರಿಗೆ, ಅದೇ ಗೆರೆಯ ಮೇಲೆ, ಕುಕ್ಕರುಗಾಲಲ್ಲಿ ಕೂತರು.

“ನಾ ಹಂಚಿಲ್ಲ ಯವ್ವಾ. ನನ್ನ ಜಿಪುಣತನ ಹಂಚೇತಿ.”

ಆಮೇಲೆ ಎಲ್ಲ ಹೇಳಿದರು. ಸಾಫ್ಟ್‌ವೇರು ಹಳೆಯದೆಂದು, ಆರರ ಮೇಲೆ ಅದಕ್ಕೆ ಎಣಿಸಲು ಬರುವುದಿಲ್ಲವೆಂದು, ರೊಕ್ಕ ಉಳಿಸಲು ತಾವೇ ಹೊಸದನ್ನು ತರಿಸಿಲ್ಲವೆಂದು. ಅವರು ನಂಬಲಿಲ್ಲ.

“ಕಂಪ್ಯೂಟರ್ ಎಂದರ ಸುಳ್ಳ ಹೇಳತೈತೇನ್ರಿ?” ಎಂದ ಅಣ್ಣ.

“ಬರೇ ಸುಳ್ಳಽ ಹೇಳತೈತಿ ನಂದು!” ಎಂದು ಕಾಕಾ ಒಂದೊಂದೇ ಬಿಚ್ಚತೊಡಗಿದರು. ಟಿಕೋಟಾದಲ್ಲಿ ಮಾಳಿಗೆ ಇಲ್ಲದ ಮನೆ ಹೇಳಿದರು. ಗೋಡೆ ಇರುವ ದ್ರಾಕ್ಷಿ ಶೆಡ್ಡು ಹೇಳಿದರು. ಬ್ಯಾಂಕಿನ ಹುಡುಗ ಗೋಡೆ ಹುಡುಕುತ್ತ ಸುತ್ತು ಹೊಡೆದದ್ದನ್ನು ಎದ್ದು ನಿಂತು, ನಡೆದು ತೋರಿಸಿದರು. “ಇವನ್ನ ನೋಡ್ರಿ, ಇಂಜಿನಿಯರು. ಇವನ ಕೆಲಸ ಏನ್ ಗೊತ್ತೇನು? ಕಾಲಬೆರಳಿಲೆ ವಾಯರ್ ಒತ್ತೂದು!” ಎಂದು ನನ್ನ ಮಾನವನ್ನೂ ಅಂಗಳದಲ್ಲಿ ಹರಡಿದರು. ಮೊದಲು ಕಿರೀ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳನ್ನು ನೋಡಿ ಹಿರೀ ಸೊಸೆ ಫಕ್ಕನೆ ನಕ್ಕಳು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಆ ಉಮೇದಿನಲ್ಲಿ ಕಾಕಾ ಇನ್ನೊಂದನ್ನೂ ಹೇಳಿಬಿಟ್ಟರು. “ಅಷ್ಟ ಯಾಕ, ನಿಮ್ಮ ಬಬಲೇಶ್ವರ ತಾಲೂಕಾ ಆಗಿದ್ದಽ ಅದಕ್ಕಿನ್ನಾ ಗೊತ್ತಿಲ್ಲ!”

ನಗು ಗಕ್ಕನೆ ನಿಂತಿತು.

“ಏನಂದ್ರಿ?” ಎಂದ ಅಣ್ಣ.

“ತಹಶೀಲ್ದಾರ ಬಂದು ಕುಂತಾನ್ರಿ ಇಲ್ಲಿ! ಗೊತ್ತಿಲ್ಲಂದ್ರ ಹೆಂಗ?” ಎಂದ ತಮ್ಮ, ಅಣ್ಣನ ಪಕ್ಕಕ್ಕೆ ಬಂದು ನಿಂತು. ಸೊಸೆಯಂದಿರೂ ಸೇರಿಕೊಂಡರು. ಎರಡಾಗಲು ಹೊರಟಿದ್ದ ಮನೆ ಒಂದಾಗಿ ನಮ್ಮ ಮೇಲೆ ಬಿತ್ತು! ಅದು ತಣ್ಣಗಾಗಲು ಎರಡು ಸುತ್ತು ಚಹಾ ಬೇಕಾಯಿತು.

ಚಹಾದ ಬಟ್ಟಲು ಕೆಳಗಿಡುತ್ತ ಅಣ್ಣ ಮೆಲ್ಲಗೆ ಹೇಳಿದ. “ಕಾಗದ ಒಂದು ನೆವ ಅಷ್ಟಽ ರಿ ಸರ್ರ. ಮನಸಿನ್ಯಾಗ ಮೊದಲಽ ಇತ್ತು.”

“ಇರ್ಲಿ,” ಎಂದರು ಕಾಕಾ. “ಎಲ್ಲಾರ ಮನಸಿನ್ಯಾಗೂ ಇರತೈತಿ. ಇದ್ದದ್ದು ಅಲ್ಲೇ ಇರ್ಲಿ. ಹೊಸಾ ಸಾಫ್ಟ್‌ವೇರ್ ತರಸಿ, ಒಂದಽ ಮನಿ ಅಂತ ಕಾಗದ ಮಾಡಿ, ನಾನಽ ತಂದು ಕೊಡ್ತೀನಿ. ಅಲ್ಲೀತನಕ ಗೋಡಿ ಎತ್ತಬ್ಯಾಡ್ರಿ. ಇಷ್ಟಽ ನಂದು.”

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಹೊಸ ಸಾಫ್ಟ್‌ವೇರು ಬಂತು! ಜೊತೆಗೆ ಹೊಸ ಕಂಪ್ಯೂಟರೂ ಬರಲೇಬೇಕಾಯಿತು. ಇದಕ್ಕೆ ಪ್ರತಿ ವರ್ಷ ಹಣ ಕಟ್ಟಬೇಕಂತೆ ಎಂದು ನಾನು ಹೆದರುತ್ತ ಹೇಳಿದೆ. ಕಾಕಾ ಕುಸಿದು ಬಿದ್ದರೆ ಹಿಡಿಯೋಣವೆಂದು ಹತ್ತಿರವೇ ನಿಂತಿದ್ದೆ. ಅವರು “ಹ್ಞೂಂ” ಎಂದರು, ಅಷ್ಟೇ. ಅದರಲ್ಲಿ ‘ಕೋಣೆ ಸೇರಿಸಿ’ ಎಂಬ ಗುಂಡಿಯೊಂದಿತ್ತು. ಕಾಕಾ ಒಂದೇ ಬೆರಳಿನಿಂದ ಅದನ್ನು ಒತ್ತಿದರು. ಏಳನೆಯ ಕೋಣೆ ಬಂತು. ಎಂಟನೆಯದು ಬಂತು. ಒತ್ತುತ್ತಲೇ ಹೋದರು. ಒಂದು ಅರಮನೆಯಾಗುವಷ್ಟು ಕೋಣೆಗಳಾದ ಮೇಲೆ, “ಇದು ಸಾಕು ಅನ್ನೂದಽ ಇಲ್ಲಲ್ಲೋ!” ಎಂದು ಬೆರಗಾಗಿ ನನ್ನತ್ತ ತಿರುಗಿದರು. ಮೇಜಿನ ಕೆಳಗೆ ಕೆಲಸ ಕಳೆದುಕೊಂಡ ನನ್ನ ಎಡಗಾಲು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಕುಣಿಯುತ್ತಿತ್ತು.

ವರದಿಯನ್ನು ಬ್ಯಾಂಕಿಗೆ ಕಳಿಸಿದರೆ ಸಾಕಿತ್ತು. ಆದರೂ ಒಂದು ಪ್ರತಿಯನ್ನು ಕವರಿನಲ್ಲಿಟ್ಟುಕೊಂಡು ಕಾಕಾ ಮತ್ತೆ ಬಬಲೇಶ್ವರದ ಬಸ್ಸು ಹತ್ತಿದರು, ನನ್ನನ್ನೂ ಹತ್ತಿಸಿದರು. ಸುಣ್ಣದ ಗೆರೆ ಕಾಲ್ದುಳಿತಕ್ಕೆ ಅರ್ಧ ಅಳಿಸಿ ಹೋಗಿತ್ತು. ಇಟ್ಟಂಗಿ ಹಾಗೇ ಇದ್ದವು. ತಾಯಿ ಕವರನ್ನು ಕೈಯಲ್ಲಿ ಹಿಡಿದು ತೆರೆಯದೆ ಕೇಳಿದಳು.

“ಒಂದಽ ಐತೇನಪಾ?”

“ಒಂದಽ ಐತಿ ಯವ್ವಾ. ಹನ್ನೊಂದೂ ಖೋಲಿ ಒಂದಽ ಮನ್ಯಾಗ ಅದಾವ.”

“ಹಂಗಾರ ಉಂಡು ಹೋಗ್ರಿ,” ಎಂದಳು.

ಅದೇ ಅಡುಗೆಮನೆಯ ಜೋಳದ ರೊಟ್ಟಿ ಉಂಡೆವು. ಪಲ್ಯಕ್ಕೆ ಉಪ್ಪು ಯಾರು ಹಾಕಬೇಕಿತ್ತು ಎಂಬ ಬಗ್ಗೆ ಒಳಗೆ ಸೊಸೆಯಂದಿರು ವಾದಿಸುತ್ತಿದ್ದರು. ಉಪ್ಪು ಇಬ್ಬರೂ ಹಾಕಿದ್ದರು! ಇಟ್ಟಂಗಿಗಳನ್ನು ಗಿರಣಿಯ ಕಟ್ಟಡಕ್ಕೆ ಬಳಸುತ್ತೇವೆ ಎಂದ ತಮ್ಮ. ಆ ಮನೆ ಇನ್ನೆಂದೂ ಬೇರೆಯಾಗುವುದಿಲ್ಲ ಎಂದು ನಾನೇನೂ ಬರೆದುಕೊಡಲಾರೆ. ಅವತ್ತು ಒಂದೇ ಇತ್ತು.

ತಿರುಗಿ ಬರುವಾಗ ಕಾಕಾ ಕಿಟಕಿಯ ಹತ್ತಿರ ಕೂತಿದ್ದರು. ನಾನು ಏನೇನೋ ಚೇಷ್ಟೆ ಮಾಡುತ್ತ ಬಂದೆ. ಅವರು ಹೊರಗೆ ನೋಡುತ್ತಲೇ, “ನಮ್ಮ ಅಂಗಳದಾಗ ಗೆರಿ ಎಳದಾಗ ಯಾರರ ಒಬ್ಬಾಂವ ಬಂದು, ತಪ್ಪಾಗೇತಿ, ಇನ್ನಾ ನಾಕು ದಿನಾ ತಡೀರಿ ಅಂದಿದ್ರ…” ಎಂದು ಅಲ್ಲಿಗೇ ಬಿಟ್ಟರು.

ನಮ್ಮ ಹಳೆಯ ಮನೆ ಇರುವುದು ಇದೇ ದಾರಿಯಲ್ಲಿ, ಸಾರವಾಡದಲ್ಲಿ. ನಾನು ಚಿಕ್ಕವನಿದ್ದಾಗ ಅಪ್ಪ ಮತ್ತು ಕಾಕಾ ಬೇರೆಯಾದರು. ದೊಡ್ಡ ಜಗಳವೇನೂ ಆಗಲಿಲ್ಲ. ಅಂಗಳದ ನಡುವೆ ಗೋಡೆ ಬಂತು, ಅಷ್ಟೇ. ಒಂದು ಬದಿಯಲ್ಲಿ ಅಪ್ಪ, ಅವ್ವ, ಟ್ರ್ಯಾಕ್ಟರು. ಇನ್ನೊಂದು ಬದಿಯ ಬಾಗಿಲಿಗೆ ಕಾಕಾನ ಬೀಗ. ಅಪ್ಪ ನನ್ನನ್ನು “ನಿಮ್ಮ ಕಾಕಾ ಆರಾಮ ಅದಾನಿಲ್ಲ?” ಎಂದು ಕೇಳುತ್ತಾರೆ. ಕಾಕಾ ನನ್ನನ್ನು “ನಿಮ್ಮಪ್ಪ ಹೆಂಗದಾನ?” ಎಂದು ಕೇಳುತ್ತಾರೆ. ನಾನು ಇಬ್ಬರಿಗೂ ಆರಾಮ ಎಂದು ಹೇಳುತ್ತ ಇಷ್ಟು ವರ್ಷ ಕಳೆದಿದ್ದೇನೆ. ಇಬ್ಬರೂ ಎದುರುಬದುರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ.

ಬಸ್ಸು ಸಾರವಾಡದಲ್ಲಿ ನಿಂತಿತು. ಕಾಕಾ ಎದ್ದರು.

“ಕಾಕಾ, ಇದಿನ್ನಾ ಸಾರವಾಡ್ರಿ.”

“ಗೊತ್ತೈತಿ.”

“ಟಿಕೀಟು ವಿಜಯಪುರದ ತನಕ ತಗಸೀನ್ರಿ!”

“ಹೋಗ್ಲಿ ಬಿಡೋ,” ಎಂದರು ಕಾಕಾ, ಬಾಗಿಲ ಸರಳು ಹಿಡಿದು ಕೆಳಗಿಳಿಯುತ್ತ. “ನಿಮ್ಮಪ್ಪ ಈ ಹೊತ್ತಿನ್ಯಾಗ ಮನ್ಯಾಗ ಇರ್ತಾನೋ, ಹೊಲದಾಗೋ?”